ಹುಳ ತಿನ್ನುವ ಹುಳಗಳ ವಂಶಾವಳಿ

ಬಿಸಿಲು ಏರುವ ಹೊತ್ತಿಗೆ ವಿಜಯಪುರದ ನೂಲು ಬಿಚ್ಚುವ ಮನೆಗಳ ಹಿತ್ತಿಲಲ್ಲಿ ಪ್ಯೂಪಾ ಒಣಹಾಕುತ್ತಾರೆ. ಗೂಡಿನ ಎಳೆ ಪೂರ್ತಿ ಬಿಚ್ಚಿಹೋದ ಮೇಲೆ ಬೇಸಿನ್ನಿನ ಬಿಸಿನೀರಿನಲ್ಲಿ ಉಳಿಯುವ ಸತ್ತ ಹುಳ ಅದು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಕಂದು ಬಣ್ಣ. ಒದ್ದೆಯಿರುವಾಗ ಮಿರುಗುತ್ತದೆ, ಒಣಗುತ್ತ ಸುಕ್ಕುಗಟ್ಟುತ್ತದೆ. ಬುಟ್ಟಿಯಿಂದ ನೆಲಕ್ಕೆ ಸುರಿದು ಪೊರಕೆಯಿಂದ ತೆಳ್ಳಗೆ ಹರವಿದರೆ ಅಂಗಳವೆಲ್ಲ ಕಂದುಗೆಂಪು. ವಾಸನೆ ಬೀದಿಯ ಕೊನೆಯವರೆಗೂ ಹೋಗುತ್ತದೆ. ಬೆಂದ ಗೂಡಿನ ಹಸಿ ವಾಸನೆ, ಕಮಟಿದ ಕೊಬ್ಬಿನ ವಾಸನೆ, ಒಲೆಯ ಹೊಗೆ ಮೂರೂ ಬೆರೆತದ್ದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಅದು ಒಲೆ ಉರಿಯುತ್ತಿದೆ, ಕೆಲಸ ನಡೆಯುತ್ತಿದೆ ಎಂಬುದರ ಗುರುತು.

ದೇವನಹಳ್ಳಿ ತಾಲ್ಲೂಕಿನ ಈ ಊರು ಹಳೆಯ ಗೆಜೆಟಿಯರುಗಳಲ್ಲಿ ವಡಿಗೇನಹಳ್ಳಿ. ವಾಯವ್ಯಕ್ಕೆ ನಂದಿಬೆಟ್ಟದ ಬೆನ್ನು ಕಾಣುತ್ತದೆ. ಉತ್ತರದ ದಾರಿ ಹಿಡಿದರೆ ಶಿಡ್ಲಘಟ್ಟ. ಸುತ್ತಲ ಹಳ್ಳಿಗಳಲ್ಲಿ ದ್ರಾಕ್ಷಿ ಚಪ್ಪರಗಳ ನಡುನಡುವೆ ಹಿಪ್ಪುನೇರಳೆ ತೋಟಗಳು. 18ನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಬುನಾದಿ ಹಾಕಿದ ಟಿಪ್ಪು ಸುಲ್ತಾನ್ ಹುಟ್ಟಿದ್ದು ಕೂಗಳತೆಯ ದೇವನಹಳ್ಳಿಯಲ್ಲೇ. ಇಂದಿಗೂ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋದರೆ ಒಂದು ಕಡೆ ಮಿಶ್ರತಳಿಯ ಹಳದಿ ಗೂಡು, ಇನ್ನೊಂದು ಕಡೆ ದ್ವಿತಳಿಯ ಬಿಳಿ ಗೂಡು ರಾಶಿ ಬಿದ್ದಿರುತ್ತದೆ. ರೀಲರುಗಳು ಹಿಡಿ ತುಂಬ ಗೂಡು ಎತ್ತಿ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಗಟ್ಟಿಯಾಗಿದೆಯೋ ಕರಗಿದೆಯೋ ಎಂದು ಸದ್ದಿನಲ್ಲೇ ತಿಳಿದುಕೊಳ್ಳುತ್ತಾರೆ. ಹುಳವನ್ನು ನೋಡದೆ ಹುಳದ ಆರೋಗ್ಯ ಹೇಳಬಲ್ಲ ಈ ಜನರ ಕೀಟಜ್ಞಾನದ ಬಗ್ಗೆ ನನಗೆ ಅಪಾರ ಗೌರವ.

ನಾನು ಹೇಳಹೊರಟಿರುವುದು ರೇಷ್ಮೆ ಹುಳದ ಕಥೆಯಲ್ಲ, ಅದು ಸತ್ತ ಮೇಲೆ ಅದನ್ನು ಹುಡುಕಿಕೊಂಡು ಬರುವವರ ಕಥೆ.

ಒಣಗಿದ ಪ್ಯೂಪಾದ ತೂಕದಲ್ಲಿ ಸುಮಾರು ಅರ್ಧ ಭಾಗ ಪ್ರೋಟೀನು. ಉಳಿದುದರಲ್ಲಿ ಬಹುಪಾಲು ಕೊಬ್ಬು. ಕೋಳಿ ಮೇವಿಗೆ, ಮೀನಿನ ಮೇವಿಗೆ, ಎಣ್ಣೆ ತೆಗೆಯಲು, ಗೊಬ್ಬರಕ್ಕೆ ಅದನ್ನು ಕೊಳ್ಳುವವರಿದ್ದಾರೆ. ಅವರಿಗಿಂತ ಮೊದಲೇ ಬರುವ ಗಿರಾಕಿಗಳೂ ಇದ್ದಾರೆ. ಹರವಿದ ಅರ್ಧ ಗಂಟೆಯೊಳಗೆ ಹಸಿರು ನೊಣಗಳು ಹಾಜರು. ಕಾಗೆಗಳು ಗೋಡೆಯ ಮೇಲೆ ಕಾಯುತ್ತವೆ, ಗೊರವಂಕಗಳು ಕಾಯುವುದಿಲ್ಲ. ಇವೆಲ್ಲ ಕಣ್ಣಿಗೆ ಬೀಳುವವು. ಹಿತ್ತಿಲೊಂದರಲ್ಲಿ ಪ್ಯೂಪಾ ತಿರುವಿಹಾಕುತ್ತಿದ್ದ ಹಿರಿಯ ಹೆಂಗಸು ನಾನು ಕೂತು ನೋಡುವುದನ್ನು ಕಂಡು ಹೇಳಿದರು: “ಮ್ಯಾಲೆ ನೋಡಿದ್ರೆ ಏನೂ ಕಾಣಕಿಲ್ಲ ಸಾ. ಮೂಲೇಲಿ ಹೋದ್ವಾರದ್ದು ಐತೆ ನೋಡಿ, ಅದ್ರ ತಳಕ್ಕೆ ಕೈ ಹಾಕಿ.”

ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಹಿಂದಿನ ವಾರದ ಒಣ ಪ್ಯೂಪಾ ಇತ್ತು. ಚೀಲ ಎತ್ತಿ ಮೇಲಿನ ಪದರ ಸರಿಸಿದೆ. ತಳದಲ್ಲಿ ಪ್ಯೂಪಾದ ಆಕಾರ ಉಳಿದಿರಲಿಲ್ಲ. ಕಂದು ಪುಡಿ, ಸುಲಿದುಬಿದ್ದ ರೋಮದ ಪೊರೆಗಳು, ಅವುಗಳ ನಡುವೆ ಓಡಾಟ. ಬೆಳಕು ಬಿದ್ದದ್ದೇ ತಡ, ಎಲ್ಲವೂ ಕತ್ತಲಿನ ಕಡೆಗೆ ನುಗ್ಗಿದವು. ಒಂದನ್ನು ಬೆರಳಿನಿಂದ ಒತ್ತಿ ಎತ್ತಿಕೊಂಡೆ. ಎತ್ತಿದ ಕೂಡಲೇ ಕಾಲು ಮಡಿಚಿ, ಮೀಸೆ ಒಳಗೆಳೆದುಕೊಂಡು, ಸತ್ತಂತೆ ಬಿದ್ದುಕೊಂಡಿತು. ಭೂತಗನ್ನಡಿ ಹಿಡಿದೆ. ಒಂದು ಸೆಂಟಿಮೀಟರಿಗೆ ತುಸು ಕಡಿಮೆ ಉದ್ದ. ಉದ್ದುರುಟು ಮೈ. ಕಪ್ಪಿಗೆ ಹತ್ತಿರದ ಕಂದು, ಅದರ ಮೇಲೆ ಬಾಚಿದಂತೆ ಹಿಂದಕ್ಕೆ ಮಲಗಿದ ಸಣ್ಣ ಕೂದಲು. ಮಗುಚಿದರೆ ಹೊಟ್ಟೆ ಅಚ್ಚ ಬಿಳಿ, ಅಂಚಿನುದ್ದಕ್ಕೂ ಸಾಲು ಕಪ್ಪು ಚುಕ್ಕೆ. ಗಡಸು ರೆಕ್ಕೆಗಳು ಕೂಡುವ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಮುಳ್ಳು. ಆ ಮುಳ್ಳೊಂದೇ ಸಾಕು, ಇದು ಡರ್ಮೆಸ್ಟಿಸ್ ಮ್ಯಾಕ್ಯುಲೇಟಸ್ ಎನ್ನಲು. ಅದರ ಅಣ್ಣತಮ್ಮಂದಿರಲ್ಲಿ ಹೆಚ್ಚಿನವಕ್ಕೆ ಆ ಮುಳ್ಳಿಲ್ಲ. ಪಕ್ಕದಲ್ಲೇ ಅದರ ಮರಿಹುಳ: ಮೈತುಂಬ ಒರಟು ರೋಮ, ಬೆನ್ನ ನಡುವೆ ತಿಳಿ ಪಟ್ಟೆ, ಬಾಲದ ತುದಿಯಲ್ಲಿ ಬಾಗಿದ ಎರಡು ಕೊಂಬು.

“ಅದು ಕಚ್ಚಕಿಲ್ಲ,” ಎಂದರು ಆಕೆ. “ಆದ್ರೆ ಗೂಡಿಗೆ ಹತ್ತಿದ್ರೆ ಬಿಡಕಿಲ್ಲ.”

ಆ ಮಾತಿನಲ್ಲಿ ಒಂದು ಇಡೀ ಉದ್ಯಮದ ತಲೆನೋವಿದೆ. ರೇಷ್ಮೆ ಗೂಡೆಂದರೆ ಒಂದೇ ಎಳೆ, ಕಡಿಯದೆ ನೂರಾರು ಮೀಟರ್ ಸುತ್ತಿಕೊಂಡದ್ದು. ಡರ್ಮೆಸ್ಟಿಸ್‌ಗೆ ರೇಷ್ಮೆಯ ಮೇಲೆ ಆಸೆಯಿಲ್ಲ, ಒಳಗಿನ ಹುಳದ ಮೇಲೆ ಆಸೆ. ಅಲ್ಲಿಗೆ ಹೋಗಲು ಅದು ಗೂಡನ್ನು ಕೊರೆಯುತ್ತದೆ. ಒಂದು ತೂತು ಬಿದ್ದರೆ ಎಳೆ ನೂರು ಕಡೆ ತುಂಡಾದಂತೆ, ಆ ಗೂಡು ಬೇಸಿನ್ನಿಗೆ ಬರುವುದಿಲ್ಲ. ಮೊಟ್ಟೆ ತಯಾರಿಸುವ ಗ್ರೈನೇಜುಗಳಲ್ಲಿ ಕಾಟ ಇನ್ನೂ ಹೆಚ್ಚು. ಪತಂಗ ಹೊರಬಂದು ತೂತಾದ ಗೂಡುಗಳನ್ನು ಅಲ್ಲಿ ಕೋಣೆ ತುಂಬ ಕೂಡಿಡುತ್ತಾರೆ. ಒಳಗೆ ಸತ್ತುಳಿದ ಪ್ಯೂಪಾ ಇರುವುದರಿಂದ ಆ ಕೋಣೆ ಡರ್ಮೆಸ್ಟಿಸ್‌ನ ತವರಾಗುತ್ತದೆ. ಅಲ್ಲಿಂದ ಹೊರಟು ಜೀವಂತ ಪ್ಯೂಪಾಕ್ಕೂ ಪತಂಗಕ್ಕೂ ಬಾಯಿಹಾಕುತ್ತದೆ. ಅದಕ್ಕೇ ತೂತುಗೂಡಿನ ಕೋಣೆಯನ್ನು ಮೊಟ್ಟೆಯಿಡಿಸುವ ಕೋಣೆಯಿಂದ ದೂರ ಇಡಿ, ಕೂಡಿಟ್ಟದ್ದನ್ನು ಬೇಗ ವಿಲೇವಾರಿ ಮಾಡಿ ಎಂದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಹೇಳುತ್ತ ಬಂದಿದ್ದಾರೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣದ ಹೆಸರು ಇಲ್ಲಿ ಮಕ್ಕಳಿಗೂ ಗೊತ್ತು. ಅದು ಬದುಕಿರುವ ಹುಳಕ್ಕೆ ಬರುವ ಶತ್ರು, ಎದುರಿಗೆ ಬರುತ್ತದೆ. ಡರ್ಮೆಸ್ಟಿಸ್ ಸಾವಿನ ಬೆನ್ನು ಹಿಡಿದು ಬಂದು ಬದುಕಿಗೆ ಕೈಹಾಕುವಂಥದು.

ಆ ರಾಶಿಯಲ್ಲಿ ಅದೊಂದೇ ಇರಲಿಲ್ಲ. ಪುಡಿಯ ಮೇಲೆ ಅರ್ಧ ಸೆಂಟಿಮೀಟರಿನ ಒಂದು ಜೀವ ಚುರುಕಾಗಿ ಓಡುತ್ತಿತ್ತು. ಮೈ ಹೊಳೆಯುವ ನೀಲಿ-ಹಸಿರು ಲೋಹ, ಕಾಲು ಕೆಂಪು. ನೆಕ್ರೋಬಿಯಾ ರೂಫಿಪೆಸ್. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳಿಗೂ ಮಂಗಳೂರಿನ ಒಣಮೀನಿನ ಮಳಿಗೆಯವರಿಗೂ ಇದರ ಪರಿಚಯ ಇದ್ದೇ ಇರುತ್ತದೆ. ಎಣ್ಣೆಯಂಶದ ಒಣ ಪದಾರ್ಥ ಇದ್ದಲ್ಲಿ ಇದು ಇರುತ್ತದೆ. ಕೊಬ್ಬನ್ನೂ ತಿನ್ನುತ್ತದೆ, ಸಿಕ್ಕಿದರೆ ನೊಣದ ಹುಳಗಳನ್ನೂ ಡರ್ಮೆಸ್ಟಿಸ್ ಮರಿಗಳನ್ನೂ ಹಿಡಿದು ತಿನ್ನುತ್ತದೆ. ಇನ್ನೂ ಒದ್ದೆಯಿದ್ದ ಅಂಚಿನಲ್ಲಿ, ನೊಣದ ಹುಳಗಳು ಮಿಜಿಮಿಜಿ ಎನ್ನುತ್ತಿದ್ದ ಕಡೆ, ಕಪ್ಪು ಗಾಜಿನಂತೆ ಹೊಳೆಯುವ ದುಂಡನೆಯದೊಂದು ಕೂತಿತ್ತು. ಮುಟ್ಟಿದರೆ ತಲೆ, ಕಾಲು ಎಲ್ಲವನ್ನೂ ಮೈಯ ತೋಡುಗಳಲ್ಲಿ ಹುದುಗಿಸಿಕೊಂಡು ಕಲ್ಲುಗುಂಡಾಯಿತು. ಅದು ಹಿಸ್ಟರ್ ಜೀರುಂಡೆ. ಹೆಣ ತಿನ್ನಲು ಬಂದದ್ದಲ್ಲ, ಹೆಣ ತಿನ್ನಲು ಬಂದ ನೊಣದ ಹುಳಗಳನ್ನು ತಿನ್ನಲು ಬಂದದ್ದು. ಅದರ ಪಕ್ಕದಿಂದಲೇ ಉದ್ದನೆಯ ಮೈಯ, ಅಂಗಿ ಗಿಡ್ಡವಾದಂತೆ ಅರ್ಧ ಬೆನ್ನಿಗೇ ನಿಂತ ರೆಕ್ಕೆಯ ಒಂದು ಹುಳ ಬಾಲ ಎತ್ತಿಕೊಂಡು ಸರಿದುಹೋಯಿತು. ಅದನ್ನು ನೆನಪಿಡಿ, ಈ ಬರಹದ ಮುಖ್ಯ ಪಾತ್ರ ಅದರ ಬಳಗದ್ದು.

ಒಂದೇ ರಾಶಿ, ನಾಲ್ಕು ಬಗೆಯ ಜೀರುಂಡೆ. ಎಲ್ಲಕ್ಕೂ ಗಡಸು ರೆಕ್ಕೆ, ಎಲ್ಲವೂ ಸಾವಿನ ವಾಸನೆಗೆ ಬಂದವು. ಹಾಗಾದರೆ ಇವು ಸಂಬಂಧಿಗಳೇ? ಮದುವೆ ಛತ್ರದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡವರೆಲ್ಲ ಬೀಗರಾಗುವುದಿಲ್ಲ. ಡರ್ಮೆಸ್ಟಿಸ್‌ನ ಹತ್ತಿರದ ದಾಯಾದಿಗಳು ಸಿಗುವುದು ಹೆಣದ ಹತ್ತಿರ ಅಲ್ಲ, ಒಣ ಬಿದಿರಿನಲ್ಲಿ, ಮರದಲ್ಲಿ, ಗೋಧಿ ಅಕ್ಕಿಯ ಚೀಲದಲ್ಲಿ. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯನ್ನು ಕೊರೆದು ಬಿಳಿ ಪುಡಿ ಉದುರಿಸುತ್ತದಲ್ಲ, ಆ ಹುಳ ಡರ್ಮೆಸ್ಟಿಸ್‌ನ ಸಂಬಂಧಿ. ಒಂದೇ ಮನೆಯಲ್ಲಿ ಒಬ್ಬ ದಾಯಾದಿ ಚಂದ್ರಿಕೆ ತಿನ್ನುತ್ತಾನೆ, ಇನ್ನೊಬ್ಬ ಅದರ ಮೇಲೆ ಕಟ್ಟಿದ ಗೂಡಿನೊಳಗಿನದನ್ನು ತಿನ್ನುತ್ತಾನೆ. ನೀಲಿ ಮೈಯ ನೆಕ್ರೋಬಿಯಾ ಇನ್ನೊಂದು ದೊಡ್ಡ ಶಾಖೆಯದು. ಗುಲಗಂಜಿ ಹುಳ, ಅಕ್ಕಿಯ ಸೊಂಡಿಲು ಹುಳ, ಮರ ಕೊರೆಯುವ ಉದ್ದ ಮೀಸೆಯ ಜೀರುಂಡೆಗಳೆಲ್ಲ ಆ ಶಾಖೆಯಲ್ಲಿವೆ. ಹಿಸ್ಟರ್ ಮತ್ತು ಗಿಡ್ಡ ರೆಕ್ಕೆಯದು ಮೂರನೆಯ ಕಡೆಯವು. ಸೆಗಣಿ ಉಂಡೆ ಉರುಳಿಸುವ ಹುಳಗಳೂ ಆ ಕಡೆಗೆ ಸೇರುತ್ತವೆ. ಈ ಮೂರು ಶಾಖೆಗಳು ಒಂದರಿಂದೊಂದು ಅಗಲಿ 20 ಕೋಟಿ ವರ್ಷಕ್ಕೂ ಮೇಲಾಯಿತು. ಅಂದರೆ ಹೆಣ ತಿನ್ನುವ ವೃತ್ತಿಯನ್ನು ಜೀರುಂಡೆಗಳು ಒಂದೇ ಸಲ ಕಲಿತದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮನೆತನಗಳಲ್ಲಿ, ಮತ್ತೆ ಮತ್ತೆ ಕಲಿತವು.

ಕಣ್ಣಿಗೆ ಮೋಸವಾಗುವುದು ಸುಲಭ. ಈ ಹುಳಗಳಲ್ಲಿ ಹೆಚ್ಚಿನವುಗಳ ಮೀಸೆಯ ತುದಿಯಲ್ಲಿ ಗಂಟಿದೆ. ಕೊಳೆಯುವ ಮಾಂಸದಿಂದ ಹೊರಡುವ ಗಂಧಕದ ಅನಿಲಗಳು ಗಾಳಿಯಲ್ಲಿ ಎಷ್ಟೇ ತೆಳುವಾಗಿದ್ದರೂ ಹಿಡಿಯಲು ಅಂಥ ಗಂಟು ನೆರವಾಗುತ್ತದೆ. ಮೂಗಿನ ಕೆಲಸ ಒಂದೇ ಆದಾಗ ಮೂಗಿನ ಆಕಾರವೂ ಒಂದೇ ಆಗಬಹುದು. ಹಾಗಾಗಿ ಹೋಲಿಕೆಯನ್ನು ಕಂಡ ಕೂಡಲೇ ನೆಂಟಸ್ತನ ಕಟ್ಟುವಂತಿಲ್ಲ.

1758ರಲ್ಲಿ ಲಿನೇಯಸ್ ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದಾಗ ಡರ್ಮೆಸ್ಟಿಸ್ ಎಂದೊಂದು ಕುಲ, ಸಿಲ್ಫಾ ಎಂದೊಂದು ಕುಲ ಮಾಡಿದ. ಎರಡರಲ್ಲೂ ಇಂದು ಬೇರೆ ಬೇರೆ ಕಡೆ ಹಂಚಿಹೋಗಿರುವ ಹುಳಗಳನ್ನು ತುಂಬಿದ್ದ. ಇಲಿಯ ಹೆಣ ಹೂಳುವ ಹುಳವೂ ಅವನಿಗೆ ಸಿಲ್ಫಾವೇ ಆಗಿತ್ತು. 1775ರಲ್ಲಿ ಅವನ ಶಿಷ್ಯ ಫ್ಯಾಬ್ರಿಷಿಯಸ್ ಅದನ್ನು ಹೊರತೆಗೆದು ನಿಕ್ರೋಫೋರಸ್ ಎಂಬ ಪ್ರತ್ಯೇಕ ಕುಲ ಮಾಡಿದ. ಕುಲಗಳ ಮೇಲೆ ಕುಟುಂಬಗಳೆಂಬ ದೊಡ್ಡ ಆವರಣಗಳನ್ನು ಕಟ್ಟಿದವನು ಫ್ರಾನ್ಸಿನ ಪಿಯರ್ ಆಂದ್ರೆ ಲಾಟ್ರೇಯ್.

ಲಾಟ್ರೇಯ್‌ನ ಬದುಕಿನ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅವನು ಕ್ರೈಸ್ತ ಪಾದ್ರಿ. ಫ್ರೆಂಚ್ ಕ್ರಾಂತಿಯ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲಿಲ್ಲವೆಂದು ಬೋರ್ಡೋ ನಗರದ ಸೆರೆಮನೆಗೆ ತಳ್ಳಿದರು. 1794ರಲ್ಲಿ ಒಂದು ದಿನ ಸೆರೆಮನೆಯ ವೈದ್ಯ ಕೈದಿಗಳನ್ನು ನೋಡಲು ಬಂದಾಗ ಇವನು ನೆಲದ ಮೇಲೆ ಹರಿಯುತ್ತಿದ್ದ ಹುಳವೊಂದನ್ನು ತದೇಕಚಿತ್ತನಾಗಿ ನೋಡುತ್ತಿದ್ದ. ಏನದು ಎಂದರೆ, ಬಹಳ ಅಪರೂಪದ ಹುಳ ಎಂದ. ವೈದ್ಯ ಅದನ್ನು ತನಗೆ ಗೊತ್ತಿದ್ದ ಹದಿನೈದರ ಹುಡುಗ, ಪ್ರಕೃತಿ ಪ್ರೇಮಿ ಬೋರಿ ದ ಸೇಂಟ್ ವಿನ್ಸೆಂಟ್‌ಗೆ ತಲುಪಿಸಿದ. ಹುಡುಗನಿಗೆ ಲಾಟ್ರೇಯ್‌ನ ಕೆಲಸದ ಬೆಲೆ ಗೊತ್ತಿತ್ತು. ಅವನ ಕಡೆಯವರು ಓಡಾಡಿ ಬಿಡುಗಡೆ ಮಾಡಿಸಿದರು. ಜೊತೆಗಿದ್ದ ಹೆಚ್ಚಿನ ಕೈದಿಗಳು ಉಳಿಯಲಿಲ್ಲ. ಆ ಹುಳ ನೆಕ್ರೋಬಿಯಾ ರೂಫಿಕೊಲಿಸ್, ವಿಜಯಪುರದ ಪ್ಯೂಪಾ ರಾಶಿಯ ಮೇಲೆ ಓಡುತ್ತಿದ್ದ ನೀಲಿ ಹುಳದ ಒಡಹುಟ್ಟು. ಪ್ಯಾರಿಸ್ಸಿನಲ್ಲಿ ಲಾಟ್ರೇಯ್‌ನ ಸಮಾಧಿಯ ಮೇಲೆ ಅವನನ್ನು ಕಾಪಾಡಿದ್ದು ಈ ಹುಳ ಎಂದು ಲ್ಯಾಟಿನ್ನಿನಲ್ಲಿ ಕೆತ್ತಿದ್ದಾರೆ.

ಹೀಗೆ ಉಳಿದ ಲಾಟ್ರೇಯ್ 1802ರಲ್ಲಿ ಗಿಡ್ಡ ರೆಕ್ಕೆಯ ಹುಳಗಳಿಗೆ ಸ್ಟ್ಯಾಫಿಲಿನಿಡೇ ಎಂಬ ಕುಟುಂಬ ಕಟ್ಟಿದ. 1806ರಲ್ಲಿ ಹೆಣದ ಜೀರುಂಡೆಗಳಿಗೆ ಸಿಲ್ಫಿಡೇ ಎಂಬ ಇನ್ನೊಂದು ಕುಟುಂಬ. ಎರಡು ಶತಮಾನ ಆ ಎರಡೂ ಮನೆಗಳು ಅಕ್ಕಪಕ್ಕ ನಿಂತವು.

ಸಿಲ್ಫಿಡೇ ಎಂದರೆ ನಿಜವಾದ ಹೆಣದ ಜೀರುಂಡೆಗಳು. ಜಗತ್ತಿನಲ್ಲಿ ಸುಮಾರು 200 ಪ್ರಭೇದ, ಅಷ್ಟೇ. ವಿಜಯಪುರದ ಪ್ಯೂಪಾ ರಾಶಿಗೆ ಅವು ಬರುವಂಥವಲ್ಲ. ಅವಕ್ಕೆ ಒಣಗಿದ ಚೂರು ಸಾಲದು, ತೇವ ಆರದ ಮಾಂಸದ ಇಡೀ ಹೆಣ ಬೇಕು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿರುವ ನೆಕ್ರೋಫಿಲಾ ರೂಫಿಥೊರಾಕ್ಸ್ ಈ ಬಳಗದ್ದು. 1823ರಲ್ಲಿ ವೀಡೆಮನ್ ಹೆಸರಿಟ್ಟದ್ದು. ಚಪ್ಪಟೆ ಅಗಲ ಮೈ, ತಲೆಯ ಹಿಂದಿನ ಎದೆಗವಚ ಕೆಂಪು, ಗಡಸು ರೆಕ್ಕೆ ಗಾಢ ಬಣ್ಣದ್ದು. ಹೆಣದ ಚರ್ಮದ ಕೆಳಗೆ ನುಸುಳಲು ಆ ಚಪ್ಪಟೆತನ ಅನುಕೂಲ. ಇದರ ಬಳಗದ ಮರಿಗಳಿಗೆ ತಂದೆತಾಯಿಯ ಆರೈಕೆಯಿಲ್ಲ. ಮೊಟ್ಟೆಯಿಂದ ಹೊರಬಿದ್ದ ಕೂಡಲೇ ತಾವೇ ಓಡಾಡಿ ತಿಂದು ಬೆಳೆಯಬೇಕು.

ಅದೇ ಮನೆತನದ ಇನ್ನೊಂದು ಕವಲು, ನಿಕ್ರೋಫೋರಸ್, ಕರ್ನಾಟಕದ ಬಯಲಿನಲ್ಲಿ ಇಲ್ಲ. ಅದು ತಂಪು ಸೀಮೆಯ ಜೀವಿ. ಭಾರತದಲ್ಲಿ ಅದನ್ನು ಕಾಣಬೇಕೆಂದರೆ ಹಿಮಾಲಯದ ಕಡೆ ಹೋಗಬೇಕು. ನಿಕ್ರೋಫೋರಸ್ ನೇಪಾಲೆನ್ಸಿಸ್ ಅಲ್ಲಿಯದು. ಸತ್ತ ಇಲಿಯೋ ಹಕ್ಕಿಮರಿಯೋ ಸಿಕ್ಕಿದರೆ ಗಂಡು ಹೆಣ್ಣು ಸೇರಿ ಅದರ ಅಡಿಯ ಮಣ್ಣು ತೋಡುತ್ತ ಹೆಣವನ್ನು ನೆಲದೊಳಕ್ಕೆ ಇಳಿಸುತ್ತವೆ. ಕೂದಲು ಗರಿಗಳನ್ನೆಲ್ಲ ಕಿತ್ತು ಮಾಂಸವನ್ನು ಉಂಡೆ ಮಾಡುತ್ತವೆ. ಬೂಷ್ಟು, ಬ್ಯಾಕ್ಟೀರಿಯಾ ಬೇಗ ಹತ್ತದಂತೆ ತಮ್ಮ ಮೈಯಿಂದ ಒಸರುವ ದ್ರವವನ್ನು ಅದಕ್ಕೆ ಸವರುತ್ತವೆ. ಮರಿಗಳು ಬಂದ ಮೇಲೆ ತಾಯಿ ತಂದೆ ಇಬ್ಬರೂ ಅರೆಜೀರ್ಣವಾದ ಆಹಾರವನ್ನು ಬಾಯಿಂದ ಬಾಯಿಗೆ ಕೊಡುತ್ತವೆ. ಮೈ ಉಜ್ಜಿ ಸದ್ದು ಮಾಡಿ ಮರಿಗಳ ಜೊತೆ ಮಾತಾಡುತ್ತವೆ. ಕೀಟಗಳಲ್ಲಿ ಗಂಡೂ ಮಕ್ಕಳಿಗೆ ತುತ್ತು ಕೊಡುವುದು ಬಹಳ ಅಪರೂಪ. ಹೆಣದ ಗುಂಡಿಯೊಳಗೆ ಇಷ್ಟು ಕಕ್ಕುಲಾತಿ ಇರುವುದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈ ಕಕ್ಕುಲಾತಿ ಬಹಳ ಹಳೆಯದು. 2014ರಲ್ಲಿ ಚೀನಾದ ಚೆನ್‌ಯಾಂಗ್ ಸೈ ಮತ್ತು ಸಂಗಡಿಗರು ಹೆಣದ ಜೀರುಂಡೆಗಳ ಪಳೆಯುಳಿಕೆಗಳನ್ನು ವಿವರಿಸಿದರು. ಒಳ ಮಂಗೋಲಿಯಾದ ದಾವೋಹುಗೌನಲ್ಲಿ ಸಿಕ್ಕ, ಸುಮಾರು 16.5 ಕೋಟಿ ವರ್ಷ ಹಿಂದಿನವುಗಳಲ್ಲಿ ಈಗಿನಂಥದೇ ಗಂಟು ಮೀಸೆ. 12.5 ಕೋಟಿ ವರ್ಷ ಹಿಂದಿನವುಗಳ ಬೆನ್ನಿನ ಮೇಲೆ ಉಜ್ಜಿ ಸದ್ದು ಮಾಡುವ ಗೀರುಗಳು. ಮ್ಯಾನ್ಮಾರಿನ ಅಂಟುಕಲ್ಲಿನಲ್ಲಿ (ಅಂಬರ್) ಸುಮಾರು 10 ಕೋಟಿ ವರ್ಷದಿಂದ ಸಿಕ್ಕಿಬಿದ್ದ ನಿಕ್ರೋಫೋರಸ್ ಬಳಗದವೂ ಇವೆ. ಮರಿಗಳಿಗೆ ಸದ್ದಿನಲ್ಲಿ ಕರೆ ಕೊಡುವ ಅಭ್ಯಾಸ ಡೈನೋಸಾರುಗಳ ಕಾಲದ್ದು ಎಂದು ಅವರು ವಾದಿಸಿದರು. ಡೈನೋಸಾರ್ ಮೂಳೆಗಳ ಮೇಲಿನ ಕೆಲವು ಅಗೆತದ ಗುಳಿಗಳನ್ನು ಡರ್ಮೆಸ್ಟಿಸ್ ಬಳಗದವೇ ಮಾಡಿದ್ದೆಂದು ಗುರುತಿಸಿದ್ದೂ ಇದೆ. ಅಂದರೆ ಹಿತ್ತಿಲ ರಾಶಿಯಲ್ಲಿರುವ ಕಸುಬು ರೇಷ್ಮೆಗಿಂತ, ಮನುಷ್ಯನಿಗಿಂತ ಬಹಳ ಹಿಂದಿನದು.

ಈಗ ಆ ಗಿಡ್ಡ ರೆಕ್ಕೆಯ ಹುಳಕ್ಕೆ ಬರೋಣ. ಸ್ಟ್ಯಾಫಿಲಿನಿಡೇ ಇಂದು ಜಗತ್ತಿನ ಅತಿ ದೊಡ್ಡ ಜೀವಿ ಕುಟುಂಬಗಳ ಮುಂಚೂಣಿಯಲ್ಲಿದೆ, 66,000ಕ್ಕೂ ಹೆಚ್ಚು ಪ್ರಭೇದಗಳು. ಭಾರತದ ಸ್ಟ್ಯಾಫಿಲಿನಿಡೇಗಳನ್ನು ಒಂದೊಂದಾಗಿ ವಿವರಿಸಿ 1930ರ ದಶಕದಲ್ಲಿ ಸಂಪುಟಗಟ್ಟಲೆ ಬರೆದವನು ಮಾಲ್ಕಮ್ ಕ್ಯಾಮರಾನ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯ. ಈ ಕುಟುಂಬದ ಒಂದು ಹುಳ ವಿಜಯಪುರದವರಿಗೆ ಹೆಸರು ಗೊತ್ತಿಲ್ಲದಿದ್ದರೂ ಮೈಗೆ ಗೊತ್ತು. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಬರುವ ಕಿತ್ತಳೆ-ಕಪ್ಪು ಪಟ್ಟೆಯ ತೆಳ್ಳನೆಯ ಹುಳ. ಕುತ್ತಿಗೆಯ ಮೇಲೆ ಬಂದು ಕೂತದ್ದನ್ನು ಗೊತ್ತಾಗದೆ ಉಜ್ಜಿಬಿಟ್ಟರೆ ಮಾರನೆಯ ದಿನ ಸುಟ್ಟಂತೆ ಕೆಂಪಾಗಿ ಬೊಬ್ಬೆ ಏಳುತ್ತದೆ. ಅದು ಪೀಡರಸ್. ಸುಡುವುದು ಅದು ಕಚ್ಚಿದ್ದರಿಂದಲ್ಲ, ಮೈಯೊಳಗಿರುವ ಪೆಡರಿನ್ ಎಂಬ ವಿಷದಿಂದ. ಆ ವಿಷವನ್ನು ತಯಾರಿಸುವುದೂ ಹುಳವಲ್ಲ, ಅದರ ದೇಹದಲ್ಲಿ ಬಿಡಾರ ಹೂಡಿರುವ ಬ್ಯಾಕ್ಟೀರಿಯಾ. ಹಾಗಾಗಿ ಅದನ್ನು ಉಜ್ಜಬೇಡಿ, ಊದಿ ಹಾರಿಸಿ, ತಗುಲಿದ್ದರೆ ಸೋಪು ಹಾಕಿ ತೊಳೆಯಿರಿ.

ಈ ಕುಟುಂಬ ದೊಡ್ಡದಾಗುತ್ತಲೇ ಬಂದಿದೆ. ಹೊಸ ಹುಳಗಳು ಸಿಕ್ಕಿದ್ದು ಒಂದು ಕಾರಣ. ಪಕ್ಕದ ಮನೆಗಳೆಂದುಕೊಂಡದ್ದು ಇದೇ ಮನೆಯ ಕೋಣೆಗಳೆಂದು ಗೊತ್ತಾದದ್ದು ಇನ್ನೊಂದು ಕಾರಣ. ಅಣಬೆ ತಿನ್ನುವ ದುಂಡು ಮೈಯ ಸ್ಕ್ಯಾಫಿಡಿಡೇಗಳನ್ನು 1982ರಲ್ಲಿ ಒಳಗೆ ತಂದರು. ಪುಟ್ಟ ಸೆಲಾಫಿಡೇಗಳು (ಇವುಗಳಲ್ಲಿ ಕೆಲವು ಇರುವೆಗಳ ಜೊತೆ ಬಾಳುತ್ತವೆ) 1995ರಲ್ಲಿ ಬಂದವು. ಇರುವೆಯನ್ನೇ ಹೋಲುವ ಸ್ಕಿಡ್ಮೆನಿಡೇಗಳು 2009ರಲ್ಲಿ. ಒಂದು ಕಾಲಕ್ಕೆ ಇವೆಲ್ಲ ಸ್ವತಂತ್ರ ಕುಟುಂಬಗಳು. ಕುಟುಂಬವೆಂದರೆ ಒಂದೇ ಪೂರ್ವಜನ ಸಂತಾನವೆಲ್ಲ ಅದರಲ್ಲಿ ಸೇರಬೇಕು ಎಂಬುದು ಈಗಿನ ವರ್ಗೀಕರಣದ ಕಟ್ಟುನಿಟ್ಟು. ಹತ್ತಿರದವರನ್ನು ಹೊರಗಿಟ್ಟು ದೂರದವರನ್ನು ಒಳಗಿಟ್ಟರೆ ಅದು ಕುಟುಂಬವಾಗುವುದಿಲ್ಲ.

ಸಿಲ್ಫಿಡೇ ಮೇಲೂ ಈ ಅನುಮಾನ ಹಿಂದಿನಿಂದ ಇತ್ತು. ನಿಕ್ರೋಫೋರಸ್‌ನ ರೆಕ್ಕೆಯನ್ನು ಗಮನಿಸಿ, ಹೊಟ್ಟೆಯ ಕೊನೆ ಮುಚ್ಚುವುದಕ್ಕೆ ಮೊದಲೇ ಕತ್ತರಿಸಿಬಿಟ್ಟಂತೆ ನಿಲ್ಲುತ್ತದೆ. ಆದರೂ ಗಾತ್ರ ದೊಡ್ಡದು, ಬದುಕಿನ ರೀತಿ ಬೇರೆ, ಕುಟುಂಬಕ್ಕೆ ತನ್ನದೇ ಹೆಸರು ಪ್ರತಿಷ್ಠೆ ಇದೆ. ಅದನ್ನು ಅಲ್ಲಾಡಿಸಲು ಯಾರಿಗೂ ಅವಸರವಿರಲಿಲ್ಲ. ಡಿಎನ್‌ಎ ಹೋಲಿಕೆ ಶುರುವಾದ ಮೇಲೆ ಒಂದರ ಹಿಂದೊಂದು ಅಧ್ಯಯನ ಸಿಲ್ಫಿಡೇಯನ್ನು ಸ್ಟ್ಯಾಫಿಲಿನಿಡೇಯ ಪಕ್ಕದಲ್ಲಲ್ಲ, ಒಳಗೆ ತೋರಿಸತೊಡಗಿತು. 2022ರಲ್ಲಿ ಸೈ ಮತ್ತು ಸಂಗಡಿಗರು ಜೀರುಂಡೆಗಳ ಇಡೀ ಗಣದ ವಂಶವೃಕ್ಷವನ್ನು ಹೊಸದಾಗಿ ಕಟ್ಟಿದಾಗ ಇದನ್ನು ಉಪಕುಟುಂಬವಾಗಿಯೇ ಇಟ್ಟರು. 2024ರಲ್ಲಿ ಅಲಾಸ್ಕಾದ ಡೆರೆಕ್ ಸೈಕ್ಸ್, ಶಿಕಾಗೋದ ಮಾರ್ಗರೆಟ್ ಥೇಯರ್ ಮತ್ತು ಆಲ್‌ಫ್ರೆಡ್ ನ್ಯೂಟನ್ ಈವರೆಗಿನ ಸಾಕ್ಷ್ಯವನ್ನೆಲ್ಲ ಒಟ್ಟುಹಾಕಿ, ಹೆಣದ ಜೀರುಂಡೆಗಳು ಸ್ಟ್ಯಾಫಿಲಿನಿಡೇಯೊಳಗಿಂದಲೇ ವಿಕಾಸಗೊಂಡವು ಎಂದು ತೋರಿಸಿದರು. ಕುಟುಂಬವಾಗಿದ್ದ ಸಿಲ್ಫಿಡೇ ಈಗ ಸಿಲ್ಫಿನೇ ಎಂಬ ಉಪಕುಟುಂಬ. ಅದರ ಒಳಗಿನ ಎರಡು ಕವಲುಗಳು, ಚಪ್ಪಟೆ ಮೈಯವು ಮತ್ತು ಹೆಣ ಹೂಳುವವು, ಉಪಕುಟುಂಬದ ಸ್ಥಾನದಿಂದ ಬುಡಕಟ್ಟಿನ ಸ್ಥಾನಕ್ಕಿಳಿದವು. ಎರಡು ಕುಟುಂಬ ಒಂದಾಗುವಾಗ ಮೊದಲು ಇಟ್ಟ ಹೆಸರು ನಿಲ್ಲಬೇಕೆಂಬುದು ನಾಮಕರಣದ ನಿಯಮ. 1802ರ ಹೆಸರು 1806ರದಕ್ಕಿಂತ ಹಿರಿಯದು. ಎರಡನ್ನೂ ಇಟ್ಟವನು ಲಾಟ್ರೇಯ್.

ಹಾಗೆ ನೋಡಿದರೆ ಹೆಣ ತಿನ್ನುವುದು ಈ ಬಳಗದ ಕಟ್ಟುಪಾಡೂ ಅಲ್ಲ. ಸಿಲ್ಫಿನೇಯ ಒಂದು ಕುಲ ಬಸವನ ಹುಳವನ್ನು ಬೇಟೆಯಾಡುತ್ತದೆ. ಇನ್ನೊಂದು ಮರ ಹತ್ತಿ ಕಂಬಳಿಹುಳ ಹಿಡಿಯುತ್ತದೆ. ಯುರೋಪಿನ ಅಕ್ಲಿಪಿಯಾ ಹೆಣ ಮಾಂಸ ಎಲ್ಲ ಬಿಟ್ಟು ಬೀಟ್‌ರೂಟ್ ಹೊಲದಲ್ಲಿ ಎಲೆ ಮೇಯುತ್ತದೆ. ಆಹಾರವನ್ನು ನೋಡಿ ಕುಲ ಹೇಳುವುದಾದರೆ ಅಕ್ಲಿಪಿಯಾವನ್ನು ಎಲೆ ತಿನ್ನುವ ಜೀರುಂಡೆಗಳ ಜೊತೆಗೂ, ಡರ್ಮೆಸ್ಟಿಸ್ ಅನ್ನು ನಿಕ್ರೋಫೋರಸ್ ಜೊತೆಗೂ ಇಡಬೇಕಾಗುತ್ತಿತ್ತು. ದೇಹದ ಸೂಕ್ಷ್ಮ ರಚನೆ, ಮರಿಯ ಬಾಯಿಯ ಭಾಗಗಳು, ರೆಕ್ಕೆಯ ನರಗಳು, ಈಗ ಡಿಎನ್‌ಎ: ಇವನ್ನು ಒಟ್ಟಿಗೆ ಓದಿದರೆ ಮಾತ್ರ ಪಂಕ್ತಿಯಲ್ಲಿ ಯಾರು ಯಾರ ಕಡೆಯವರು ಎಂದು ತಿಳಿಯುತ್ತದೆ.

ಇದೆಲ್ಲ ವಿಜ್ಞಾನಿಗಳಿಗೆ ಬಿಟ್ಟ ವಿಷಯ ಎಂದು ರೇಷ್ಮೆ ಮನೆಯವರು ಕೈಬಿಡುವಂತಿಲ್ಲ ಎಂದು ನನಗೆ ಅನಿಸುತ್ತದೆ. ಗೂಡು ಕೊರೆಯುವುದು ಯಾವುದು, ಕೊರೆಯುವುದರ ಮರಿಯನ್ನು ತಿನ್ನುವುದು ಯಾವುದು, ನೊಣದ ಹುಳ ತಿಂದು ಹೋಗುವುದು ಯಾವುದು ಎಂದು ಬೇರ್ಪಡಿಸಿ ನೋಡದೆ ಔಷಧಿ ಹೊಡೆದರೆ ಮೂರೂ ಒಟ್ಟಿಗೆ ಸಾಯುತ್ತವೆ. ಕೊರೆಯುವುದರಲ್ಲಿ ಒಂದಿಷ್ಟು ಮಾತ್ರ ಚಂದ್ರಿಕೆಯ ಸಂದಿನಲ್ಲೋ ಮರದ ತೊಲೆಯಲ್ಲೋ ಉಳಿದುಕೊಂಡು ವಾಪಸ್ ಬರುತ್ತವೆ. ಡರ್ಮೆಸ್ಟಿಸ್ ಮರಿಗಳು ಕೋಶಾವಸ್ಥೆಗೆ ಹೋಗುವ ಮೊದಲು ಆಹಾರ ಬಿಟ್ಟು ಗಟ್ಟಿ ಜಾಗ ಹುಡುಕಿ ಮರವನ್ನೇ ಕೊರೆಯುವುದುಂಟು. ಊಜಿ ನೊಣದ ವಿಷಯದಲ್ಲಿ ನಮ್ಮ ರೈತರು ಈ ವಿವೇಕವನ್ನು ಆಗಲೇ ತೋರಿಸಿದ್ದಾರೆ. ನೆಸೋಲಿಂಕ್ಸ್ ಥೈಮಸ್ ಎಂಬ ಗುಂಡುಸೂಜಿ ತಲೆಯಷ್ಟಿನ ಕಣಜ ಊಜಿಯ ಕೋಶದಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತದೆ ಎಂದು ತಿಳಿದು, ಅದನ್ನು ತಂದು ಹುಳುಮನೆಯಲ್ಲಿ ಬಿಡುತ್ತಾರೆ.

ವಿಜಯಪುರದಿಂದ ಬೆಂಗಳೂರಿಗೆ ಹೋಗುವ ಬಸ್ಸು ದೇವನಹಳ್ಳಿ ದಾಟಿ, ಜಿಕೆವಿಕೆಯ ಗೇಟು ದಾಟಿ ಹೆಬ್ಬಾಳಕ್ಕೆ ಬರುತ್ತದೆ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲೂ, ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೂ ಸೂಜಿಗೆ ಚುಚ್ಚಿಟ್ಟ ಜೀರುಂಡೆಗಳ ಸಂಗ್ರಹಗಳಿವೆ. ಒಂದೊಂದು ಸೂಜಿಗೂ ಉಗುರಿನಷ್ಟು ಚೀಟಿಗಳು: ಎಲ್ಲಿ ಸಿಕ್ಕಿತು, ಯಾವಾಗ, ಯಾರು ಹಿಡಿದರು, ಯಾವ ಹೆಸರು. ವರ್ಗೀಕರಣ ಬದಲಾದರೆ ನೆಕ್ರೋಫಿಲಾ ರೂಫಿಥೊರಾಕ್ಸ್ ಎಂಬ ಹೆಸರು ಬದಲಾಗುವುದಿಲ್ಲ, ಅದರ ಮೇಲಿನ ಕುಟುಂಬದ ಹೆಸರು ಬದಲಾಗುತ್ತದೆ. ಕೆಲವರು ಇನ್ನೂ ಸಿಲ್ಫಿಡೇ ಎಂದೇ ಬರೆಯುತ್ತಾರೆ, ಕೆಲವು ವರ್ಷ ಎರಡು ಹೆಸರೂ ಒಟ್ಟಿಗೆ ಓಡಾಡುತ್ತವೆ. ಯಾರಾದರೂ ಹೊಸ ಚೀಟಿ ಬರೆದು ಚುಚ್ಚಿದರೂ ಹಳೆಯದನ್ನು ಕಿತ್ತೆಸೆಯುವ ಪದ್ಧತಿ ಸಂಗ್ರಹಾಲಯಗಳಲ್ಲಿ ಇಲ್ಲ. ಹಿಂದಿನವರು ಏನೆಂದುಕೊಂಡಿದ್ದರು ಎಂಬುದೂ ಅದೇ ಸೂಜಿಯ ಮೇಲೆ ಇರಬೇಕು.